ಅಂಟಿಕೊಂಡ ಮೇಲಿನ ಲೆಕ್ಕ

ಎಲ್ಲಕ್ಕೂ ಕಾರಣ ಒಂದು ಹಾಡು. ಕಂಪ್ಲಿಯ ರೈಸ್ ಮಿಲ್ ಮುಂದೆ ಯಾರದೋ ರೇಡಿಯೊದಲ್ಲಿ ಅದು ಕೇಳಿಸಿತು. ಮದುವೆಯಾದ ಹೊಸತರಲ್ಲಿ ಹೆಂಡತಿ ಗಂಗಾಂಬಿಕಾ ಇದೇ ಸ್ಕೂಟರಿನ ಹಿಂದೆ ಕೂತು ಗುನುಗುತ್ತಿದ್ದ ಹಾಡು! ನಿವೃತ್ತ ವಿಜ್ಞಾನ ಮೇಷ್ಟ್ರು ಚನ್ನಯ್ಯನವರ ಕೈ ತಾನಾಗಿ ಆಕ್ಸಿಲರೇಟರ್ ತಿರುವಿತು. ಮುಂದಿನ ಚಕ್ರ ಹಣ್ಣು ಮಾರುವ ಮೌನೇಶ ನಿಲ್ಲಿಸಿದ್ದ ಬಾಳೆಹಣ್ಣಿನ ತಳ್ಳುಗಾಡಿಯೊಳಗೆ ಹೊಕ್ಕು ಕೂತಿತು. ಸ್ಕೂಟರ್, ಗಾಡಿ ಎರಡೂ ಹಳೇ ಗೆಳೆಯರ ಹಾಗೆ ಕೊರಳು ಕಟ್ಟಿಕೊಂಡು ಉರುಳಿ, ಕರೆಂಟ್ ಕಂಬಕ್ಕೆ ತಾಗಿ ನಿಂತವು.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮಿಲ್ ಮಾಲೀಕ ಹಾಲೇಶ್ ಓಡಿ ಬಂದ.

"ಹೆದರಬ್ಯಾಡ್ರಿ ಮೇಷ್ಟ್ರ, ಅಮ್ಮಾರಿಗೆ ಫೋನ್ ಮಾಡೀನಿ!"

ಮೇಷ್ಟ್ರು ಹೆದರಿದ್ದೇ ಆಗ. ಹದಿನೈದು ಕಿಲೋಮೀಟರ್ ವೇಗ ದಾಟಿದರೆ ಸ್ಕೂಟರ್ ಕೈಬಿಡಬೇಕು ಎಂದು ಗಂಗಾಂಬಿಕಾ ಕಳೆದ ಸಲ ಬಿದ್ದಾಗಲೇ ಆಣೆ ಹಾಕಿಸಿದ್ದರು. ಮೀಟರ್ ಕೆಟ್ಟು ಇಪ್ಪತ್ತು ವರ್ಷವಾಗಿತ್ತು, ಅದೊಂದೇ ಧೈರ್ಯ.

ಆಟೋ ಇಳಿದವರೇ ಗಂಗಾಂಬಿಕಾ ಕೇಳಿದರು, "ಎಷ್ಟು ಸ್ಪೀಡಿನಾಗ ಇದ್ರಿ?"

"ಮಿಲ್ಲಿನ ಕ್ಯಾಮೆರಾನ ಹೇಳ್ಲಿ!" ಮೇಷ್ಟ್ರು ಹೆಜ್ಜೆ ಹಾಕಿ ಅಳೆದರು. ಡಿಕ್ಕಿಯಾದಲ್ಲಿಂದ ಕಂಬಕ್ಕೆ ಹನ್ನೆರಡು ಮೀಟರ್, ಕ್ಯಾಮೆರಾದಲ್ಲಿ ಮೂರು ಸೆಕೆಂಡ್. "ನೋಡು, ಗಂಟೆಗೆ ಹದಿನಾಲ್ಕು ಚಿಲ್ಲರೆ, ಹದಿನೈದೂ ಆಗಂಗಿಲ್ಲ!" ಪಾಠವನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆಂಬುದು ಅವರಿಗೊಬ್ಬರಿಗೇ ಗೊತ್ತಿತ್ತು.

ಚೆಲ್ಲಿದ ಹಣ್ಣು ಆಯುತ್ತಿದ್ದ ಮೌನೇಶ ತಲೆ ಎತ್ತಿದ. ಒಂದು ಕಾಲಕ್ಕೆ ಅವರದೇ ಕ್ಲಾಸಿನ ಕೊನೇ ಬೆಂಚಿನವನು.

"ಸಾರ್, ಅದು ಅಂಟಿಕೊಂಡ ಮ್ಯಾಲಿನ ಸ್ಪೀಡು. ಮೊದಲಿಂದು ಬ್ಯಾರೆ. ಹಾಲೇಶಣ್ಣ, ತೂಕ ಹಾಕ್ರಿ."

ಹಾಲೇಶನಿಗೆ ಇಂಥದ್ದೆಲ್ಲ ಹಬ್ಬ; ಎಲ್ಲವನ್ನೂ ಮಿಲ್ಲಿನ ತಕ್ಕಡಿ ಹತ್ತಿಸಿದ. ಸ್ಕೂಟರ್, ಮೇಷ್ಟ್ರು ಸೇರಿ ನೂರಾ ಎಂಬತ್ತು ಕಿಲೋ. ಹಣ್ಣು ಸಮೇತ ಗಾಡಿಯೂ ಅಷ್ಟೇ.

"ನೆನಪೈತೇನ್ ಸಾರ್? ಮೈದಾನದಾಗ ನನ್ನ ನಿಲ್ಲಿಸಿ, ನನ್ನ ಬೆಂಚಿನ ಹುಲುಗೇಶಗ ಓಡಿ ಬಂದು ತಬ್ಬಿಕೋ ಅಂದಿದ್ರಿ. ಇಬ್ರೂ ಒಂದ ತೂಕ, ತಬ್ಬಿದ ಮ್ಯಾಲೆ ಅರ್ಧ ಸ್ಪೀಡು. ಇದ್ದದ್ದ ಇಬ್ರೂ ಹಂಚಿಕೊಂತಾರ, ಎಲ್ಲೂ ಕಳಿಯಂಗಿಲ್ಲ ಅಂದ್ರಿ. ಅಂದ್ರ ನೀವು ಬಂದಿದ್ದು ಮೂವತ್ತರ ಹತ್ರ."

ಮೇಷ್ಟ್ರ ಕಣ್ಣಿಗೆ ಆ ಕೆಮ್ಮಣ್ಣಿನ ಮೈದಾನ ಕಟ್ಟಿತು, ತಬ್ಬಿಕೊಂಡೇ ಬಿದ್ದು ನಗುತ್ತಿದ್ದ ಇಬ್ಬರು ಹುಡುಗರು ಕಂಡರು. 'ನಿನ್ನ ಲೆಕ್ಕ ತಪ್ಪು' ಎಂದು ಒಂದು ಮಾತು ಅಂದಿದ್ದರೆ ಸ್ಕೂಟರ್ ಉಳಿಯುತ್ತಿತ್ತು.

"ಶಭಾಷ್ ಲೇ! ಹತ್ತಕ್ಕ ಹತ್ತು!" ಎಂದು ಕೂಗಿಯೇ ಬಿಟ್ಟರು.

ಗಂಗಾಂಬಿಕಾ ಕೈ ಚಾಚಿದರು. ಮೇಷ್ಟ್ರು ಕೀಲಿ ಕೊಟ್ಟರು.

"ಪರೀಕ್ಷೆದಾಗೂ ಇದನ್ನ ಬರದಿದ್ದೆ ಸಾರ್," ಎಂದ ಮೌನೇಶ ಮೆಲ್ಲಗೆ. "ಕಾಪಿ ಹೊಡದಿ ಅಂತ ಸೊನ್ನೆ ಕೊಟ್ರಿ."

ಗಂಗಾಂಬಿಕಾ ಗಂಡನ ಮುಖ ನೋಡಿದರು. ಆಮೇಲೆ ಕೀಲಿಯನ್ನು ಮೌನೇಶನ ಕೈಯಲ್ಲಿಟ್ಟರು.

"ತಗೋಪಾ, ಅವತ್ತಿನ ಮಾರ್ಕ್ಸು."