ರಾಕ್ ಹಬ್ಬಕ್ಕೆ ಹಾಕಿದ ಟವೆಲ್

ಬಸ್ಸಿನ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವ ವಿದ್ಯೆ ಒಮ್ಮೆ ಕೈಗೆ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ. ನನಗದು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಸಿದ್ಧಿಸಿತು. ಓದಿನಲ್ಲಿ ನಾನು ಅಷ್ಟಕ್ಕಷ್ಟೇ, ಆಟದಲ್ಲಿ ಅದಕ್ಕಿಂತ ಕಡೆ. ಆದರೆ ಮಧುಗಿರಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ನನ್ನ ಕೆಂಪು ಚೌಕಳಿ ಟವೆಲ್ ಕಿಟಕಿ ಪಕ್ಕದ ಸೀಟಿನಲ್ಲಿ ಮಲಗಿರುತ್ತಿತ್ತು. ಮುಖ್ಯಮಂತ್ರಿ ಕುರ್ಚಿಗೂ ಟವೆಲ್ ಹಾಕುವ ನಾಡು ನಮ್ಮದು. ನಾನು ನೆದರ್‌ಲ್ಯಾಂಡ್ಸಿನ ಆಲ್ಮೆರೆ ಎಂಬ ಊರಿಗೆ ಬಂದು ಮನೆ ಮಾಡಿದಾಗ ಟವೆಲ್ಲೂ ಬಂತು, ಬುದ್ಧಿಯೂ ಬಂತು.

ಹೀಗಿರುವಾಗ ನಮ್ಮ ಮಗಳು ಅನಘಾ, ಹದಿನಾಲ್ಕರ ಹುಡುಗಿ, ಯುಟ್ರೆಕ್ಟಿನಲ್ಲಿ ನಡೆಯುವ ಜಪಾನಿ ರಾಕ್ ಸಂಗೀತದ ಹಬ್ಬಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. ಅವಳ ವಯಸ್ಸಿನವರನ್ನು ದೊಡ್ಡವರಿಲ್ಲದೆ ಒಳಗೆ ಬಿಡುವುದಿಲ್ಲ. ನನ್ನ ಹೆಂಡತಿ ತಲೆನೋವು ಎಂದು ಮೊದಲೇ ಹೇಳಿ ಜಾರಿಕೊಂಡಳು. ರೈಲಿನಲ್ಲಿ ಮಗಳು ಷರತ್ತು ಹಾಕಿದಳು: "ಅಪ್ಪಾ, ನಂಗೆ ಫ್ರಂಟಲ್ಲೇ ನಿಂತು ಆ ಗಿಟಾರಿಸ್ಟ್‌ನ ನೋಡ್ಬೇಕು. ಆದ್ರೆ ಪ್ಲೀಸ್, ಅಲ್ಲಿ ನನ್ ಮಾನ ಕಳೀಬೇಡ. ಕಳೆದ್ರೆ ಇನ್ನು ಎಲ್ಲಿಗೂ ನಿನ್ ಜೊತೆ ಬರಲ್ಲ." ನಗು ಬಂದರೂ ಒಳಗೊಳಗೇ ಭಯವಾಯಿತು. ಈಗೀಗ ಅವಳು ನನ್ನ ಜೊತೆ ಬರುವುದೇ ಸೂಪರ್‌ಮಾರ್ಕೆಟ್ಟಿಗೆ, ಅದೂ ಚೀಲ ಹೊರಲು ನಾನಿದ್ದೇನೆಂದು. ಇದಕ್ಕೂ ಕಲ್ಲು ಬಿದ್ದರೆ ನನಗೆ ಮಗಳೇ ಇಲ್ಲದಂತಾಗುತ್ತದೆ.

ವಿಮಾನ ನಿಲ್ಲಿಸಬಹುದಾದಷ್ಟು ದೊಡ್ಡ ಸಭಾಂಗಣ. ಎಷ್ಟು ಹುಡುಕಿದರೂ ಒಂದು ಕುರ್ಚಿ ಇಲ್ಲ! ಟಿಕೆಟ್ ಕೊಂಡು ನಿಂತೇ ಕೇಳಬೇಕಾದ ಸಂಗೀತವಂತೆ. ವೇದಿಕೆಯ ಮುಂದೆ ಒಂದು ಕಬ್ಬಿಣದ ಕಂಬಿ ಇತ್ತು. ಅನಘಾ ಅಂಗಡಿಗಳ ಕಡೆ ಹೋಗಿದ್ದಳು, ನನಗೆ ಕಾಫಿ ಬೇಕಾಗಿತ್ತು. ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಟವೆಲ್ಲನ್ನು ಕಂಬಿಗೆ ಹಾಕಿ ನೆಮ್ಮದಿಯಾಗಿ ಕಾಫಿಗೆ ಹೊರಟೆ.

ಬಂದು ನೋಡಿದರೆ ಜನವೋ ಜನ. ನೀಲಿ ಕೂದಲಿನ ಆಜಾನುಬಾಹು ತರುಣನೊಬ್ಬ ನನ್ನ ಟವೆಲ್ ಮೇಲೆ ಮೊಣಕೈ ಊರಿ ನಿಂತಿದ್ದ. "ಇದು ನಮ್ಮ ಜಾಗ, ಟವೆಲ್ ಹಾಕಿದ್ದೇನೆ" ಎಂದು ನನಗೆ ಬಂದಷ್ಟು ಡಚ್ಚಿನಲ್ಲಿ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಜರ್ಮನ್ನರಾ?" ಎಂದ. ಸುತ್ತಲಿನವರು ಗೊಳ್ಳೆಂದು ನಕ್ಕರು. ಸಮುದ್ರತೀರದಲ್ಲಿ ಬೆಳಗಾಗುವ ಮೊದಲೇ ಟವೆಲ್ ಹಾಸಿ ಜಾಗ ಹಿಡಿಯುವವರು ಜರ್ಮನ್ನರು ಎಂಬುದು ಇಲ್ಲಿಯವರ ಹಳೆಯ ಕುಚೋದ್ಯ. ತುಮಕೂರಿನ ಕೀರ್ತಿ ಹೀಗೆ ಪಕ್ಕದ ದೇಶದ ಪಾಲಾಯಿತು. ಹಿಂದಿನಿಂದ ಅನಘಾಳ ದನಿ: "ಅಪ್ಪಾ... ಟವೆಲ್ ಹಾಕಿದ್ಯಾ?" ಅವಳ ಮುಖ ಟವೆಲ್ಲಿಗಿಂತ ಕೆಂಪಾಗಿತ್ತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆದರೆ ಆ ಹುಡುಗ ಒಳ್ಳೆಯವನು. "ಇವಳ ತಲೆಯ ಮೇಲಿಂದ ನನಗೆ ಹೇಗೂ ಕಾಣುತ್ತದೆ" ಎಂದು ಸರಿದು ಅವಳನ್ನು ಕಂಬಿಯ ಹತ್ತಿರ ಬಿಟ್ಟ. ನಾನು ಟವೆಲ್ಲನ್ನು ಕಂಬಿಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತೆ. ಸಂಗೀತ ಶುರುವಾಯಿತು, ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟಿದಂತಾಯಿತು. ಮಗಳು ಮಾತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಹಾಡಿನ ಮಧ್ಯೆ ಹಾಡುಗಾರ ಕೊರಳಿನಿಂದ ಟವೆಲ್ ತೆಗೆದು ತಲೆಯ ಮೇಲೆ ಗಿರ್ರನೆ ತಿರುಗಿಸಿದ. ನೋಡುತ್ತಿದ್ದಂತೆ ಸಭಾಂಗಣದವರೆಲ್ಲ ಟವೆಲ್ ತೆಗೆದು ತಿರುಗಿಸತೊಡಗಿದರು. ಜಪಾನಿ ರಾಕ್‌ನ ಸಂಪ್ರದಾಯವೇ ಹಾಗಂತೆ. ಅಂಗಡಿಯಲ್ಲಿ ಅವು ಖಾಲಿಯಾಗಿ ಅನಘಾಗೆ ಸಿಕ್ಕಿರಲಿಲ್ಲ. ಅವಳು ಥಟ್ಟನೆ ತಿರುಗಿ ಕೈಚಾಚಿದಳು: "ಅಪ್ಪಾ, ಟವೆಲ್! ಬೇಗ ಕೊಡು!"

ಅಷ್ಟು ಟವೆಲ್ಲುಗಳ ನಡುವೆ ನಮ್ಮ ಚೌಕಳಿಯೊಂದೇ ಬೇರೆ. ಗಿಟಾರಿನವನು ಅದನ್ನೇ ನೋಡಿ ಬೆರಳು ತೋರಿಸಿ ನಕ್ಕ. ಮಗಳು ಕಿರುಚಿದ್ದು ಆಲ್ಮೆರೆಗೂ ಕೇಳಿಸಿರಬೇಕು. ನೀಲಿ ಕೂದಲಿನವನು ಬಗ್ಗಿ, "ಅದು ಯಾವ ಬ್ಯಾಂಡಿನದು?" ಎಂದು ಕೇಳಿದ. "ಮಧುಗಿರಿ" ಎಂದೆ. ಕೇಳಿದ್ದೇನೆ ಎಂಬಂತೆ ಗಂಭೀರವಾಗಿ ತಲೆಯಾಡಿಸಿದ.

ಈಗ ಆ ಟವೆಲ್ ಅವಳ ಕೋಣೆಯ ಗೋಡೆ ಏರಿದೆ. ಮೈ ಒರೆಸಿಕೊಳ್ಳಲು ಕೇಳಿದರೆ ಕೆಕ್ಕರಿಸುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ, ಮುಂದಿನ ಸಲದ ಹಬ್ಬಕ್ಕೆ ನಾನಂತೂ ರೆಡಿ ಎಂದೆ. ಅನಘಾ ಪ್ರೀತಿಯಿಂದಲೇ ನನ್ನ ಕೈ ತಟ್ಟಿದಳು. "ಬೇಡ ಅಪ್ಪಾ, ಮುಂದಿನ ಸಲ ಅಮ್ಮ ಬರ್ತಾಳೆ. ಟವೆಲ್ ಹೇಗೂ ನನ್ ಹತ್ರಾನೇ ಇದೆಯಲ್ಲ."

ಇಷ್ಟು ವರ್ಷ ಟವೆಲ್ ಹಾಕಿದವನಿಗೆ ಇದೊಂದು ಹೊಸ ಅನುಭವ. ಟವೆಲ್ಲಿಗೆ ಸೀಟು ಸಿಕ್ಕಿತು, ನಾನು ಬಸ್ ಸ್ಟ್ಯಾಂಡಿನಲ್ಲೇ ಉಳಿದೆ.