ಮಾವನ ಡಬಲ್

“ಆಕಾಶ ಕಳಚಿ ತಲೆ ಮೇಲೆ ಬಿದ್ರೂ ಸರಿ ಕಣೇ, ಇವತ್ತು ನೀನು ನಿಲ್ಲು ಅಂದಲ್ಲಿ ನಿಲ್ತೀನಿ! ಇದು ನನ್ನ ಪ್ರತಿಜ್ಞೆ!”

ದಂತವೈದ್ಯರು ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಮೇಲೆತ್ತಿ ಹೀಗೆ ಘೋಷಿಸಿದರು. ಬಾಯಿ ತುಂಬ ನೊರೆ ಇದ್ದುದರಿಂದ ಪ್ರತಿಜ್ಞೆಯ ಅರ್ಧಭಾಗ ಹೋಗಿ ಕನ್ನಡಿಯ ಮೇಲೆ ಬಿತ್ತು. ಹೆಂಡತಿ ಅದನ್ನು ಒರೆಸಿದಳು.

“ಹೋದ ಸಲಾನೂ ಹೀಗೇ ಅಂದಿದ್ರಿ. ನಾನು ನಾಲ್ಕಕ್ಕೆ ನಿಲ್ಲಿಸಿದ್ರೆ ನೀವು ಆರಕ್ಕೆ ಹಾರಿದ್ರಿ.”

“ಕೈಯಲ್ಲಿ ಎಕ್ಕ ಇತ್ತಲ್ಲೇ!”

“ಎಕ್ಕ ಇಟ್ಕೊಂಡೂ ಎಕ್ಕುಟ್ಟಿ ಹೋಗೋದು ನಿಮ್ಮೊಬ್ಬರಿಗೇ ಸಾಧ್ಯ. ನೋಡಿ, ಸ್ಪಷ್ಟವಾಗಿ ಹೇಳಿಬಿಡ್ತೀನಿ. ಇವತ್ತೂ ನನ್ನ ಕರೆ ನಂಬದೆ ಮುಂದೆ ಹೋದ್ರೆ, ಇನ್ಮೇಲೆ ನಾನು ಪಶುವೈದ್ಯರ ಜೊತೆ ಆಡ್ತೀನಿ. ಅವರಕ್ಕ ಊರು ಬಿಡ್ತಿದ್ದಾರಂತೆ, ಜೋಡಿ ಬೇಕು ಅಂತ ಕೇಳ್ತಾನೇ ಇದ್ದಾರೆ.”

ದಂತವೈದ್ಯರಿಗೆ ಹಲ್ಲಿನ ಬೇರಿನಲ್ಲೇ ಜುಮ್ಮೆಂದಿತು. ಮದುವೆಯಾದಂದಿನಿಂದ ಇಬ್ಬರೂ ಒಟ್ಟಿಗೆ ಕೂತು ಮಾಡುತ್ತಿದ್ದ ಕೆಲಸವೆಂದರೆ ಇದೊಂದೇ. ಊಟವನ್ನಾದರೂ ಅವರು ಕ್ಲಿನಿಕ್ಕಿನಲ್ಲಿ, ಅವಳು ಶಾಲೆಯಲ್ಲಿ ಮಾಡುತ್ತಿದ್ದರು. ಬ್ರಿಜ್ ಮಾತ್ರ ಎದುರುಬದುರು.

ಬ್ರಿಜ್ ಎಂಬ ಇಸ್ಪೀಟಾಟವನ್ನು ಕಂಡುಹಿಡಿದವನಿಗೆ ಮದುವೆಯಾಗಿರಲಿಲ್ಲವೆಂದು ಕಾಣುತ್ತದೆ. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ನಿಮ್ಮ ಕೈಯಲ್ಲಿ ಏನಿದೆಯೆಂದು ಜೋಡಿಗೆ ಬಾಯಿಬಿಟ್ಟು ಹೇಳುವಂತಿಲ್ಲ. ‘ಈ ಜಾತಿ ತುರುಫಾದರೆ, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವಂತಾದರೆ, ಇಷ್ಟು ಸುತ್ತು ಗೆಲ್ಲುತ್ತೇವೆ’ ಎಂದು ಕರೆ ಕೊಡಬೇಕು. ಆ ಕರೆಯೊಂದರಿಂದಲೇ ಅವರು ನಿಮ್ಮ ಕೈಯನ್ನು, ಮನಸ್ಸನ್ನು, ಸಾಧ್ಯವಾದರೆ ಜಾತಕವನ್ನೂ ಊಹಿಸಬೇಕು. ಅದಕ್ಕೆ ಬೇಕಾದದ್ದು ನಂಬಿಕೆ. ದಂತವೈದ್ಯರಲ್ಲಿ ಕೊರತೆಯಿದ್ದದ್ದೂ ಅದೇ. ಪಾಪ, ಅವರ ತಪ್ಪಲ್ಲ. ದಿನವಿಡೀ ಅವರ ಎದುರಿಗಿರುವವರು ಬಾಯಿ ತೆರೆದುಕೊಂಡೇ ಇರುತ್ತಾರೆ, ಆದರೆ ಒಬ್ಬರೂ ಮಾತಾಡುವಂತಿಲ್ಲ. ಇಂಥ ಕಸುಬಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ, ಎದುರಿನವರಿಗೂ ಒಂದು ಅಭಿಪ್ರಾಯವಿರಬಹುದೆಂದು ಹೇಗೆ ಹೊಳೆಯಬೇಕು?

ಹೆಂಡತಿಗೆ ಆಟ ಕಲಿಸಿದ್ದು ಅವಳ ಅಪ್ಪ. ಜಡ್ಜ್ ಆಗಿದ್ದವರು. ಕಂದು ಕೋಟು, ನುಸಿಗುಳಿಗೆಯ ವಾಸನೆ, ಒಣ ಕೆಮ್ಮು. ಅಳಿಯ ತಪ್ಪು ಎಲೆ ಎಸೆದರೆ ಅವರು ಬಯ್ಯುತ್ತಿರಲಿಲ್ಲ. ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಮೇಲ್ಮನವಿ ಇರಲಿಲ್ಲ. ಎರಡು ವರ್ಷದ ಹಿಂದೆ ಅವರು ಕೊನೆಯ ಸಲ ‘ಪಾಸ್’ ಹೇಳಿ ಈ ಲೋಕದಿಂದಲೇ ಎದ್ದುಹೋದಾಗ ದಂತವೈದ್ಯರು ಎಲ್ಲರಿಗಿಂತ ಜೋರಾಗಿ ಅತ್ತಿದ್ದರು. ಅದರಲ್ಲಿ ಸ್ವಲ್ಪ ಭಾಗ ನಿರಾಳವೂ ಇತ್ತೆಂಬುದು ಅವರಿಗೆ ಮಾತ್ರ ಗೊತ್ತು. ಮಾವನಿಗೂ ಗೊತ್ತಿತ್ತೇನೋ.

ಅಂದು ಊರ ಕ್ಲಬ್ಬಿನ ಬ್ರಿಜ್ ಪಂದ್ಯಾವಳಿಯ ಫೈನಲ್, ಎದುರಾಳಿಗಳು ಪಶುವೈದ್ಯರು ಮತ್ತು ಅವರಕ್ಕ. ಮಧ್ಯಾಹ್ನವೇ ಮಂಜು ಇಳಿದು ಬೀದಿದೀಪಗಳು ತಾವಾಗಿ ಹೊತ್ತಿಕೊಂಡಿದ್ದವು. ಬುದ್ಧಿಹಲ್ಲೊಂದು ಹಟ ಹಿಡಿದು ಕೂತಿದ್ದರಿಂದ ದಂತವೈದ್ಯರು ಕ್ಲಬ್ಬು ಮುಟ್ಟುವಾಗ ತಡವಾಗಿತ್ತು. ಹೆಂಡತಿ ಶಾಲೆಯಿಂದ ನೇರ ಬರುವವಳಿದ್ದಳು. ಒಳಗೆ ಹೋದವರು ಹಾಗೇ ನಿಂತರು. ಮೇಜಿನ ಮೇಲೆ, ಮೂಲೆಯಿಂದ ಮೂಲೆಗೆ, ಹಸಿರು ಬಟ್ಟೆ ಹೊದಿಸಿದ ಮರದ ಪರದೆಯೊಂದು ಎದ್ದು ನಿಂತಿತ್ತು.

“ಫೈನಲ್ ಅಂದ್ಮೇಲೆ ಪರದೆ ಇರುತ್ತೆ ಡಾಕ್ಟ್ರೇ,” ಎಂದರು ತೀರ್ಪುಗಾರರು. “ಜೋಡಿಗಳು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕಣ್ಸನ್ನೆ ಮಾಡಬಾರದಲ್ಲ? ಪರದೆಯ ಈ ಕಡೆ ನೀವು, ಪಶುವೈದ್ಯರು. ಆ ಕಡೆ ಅವರಕ್ಕ, ನಿಮ್ಮ ಮನೆಯವರು. ಕರೆ ಬರೆದ ಚೀಟಿಗಳನ್ನ ಈ ಹಲಗೆ ಮೇಲಿಟ್ಟು ಪರದೆ ಕೆಳಗಿಂದ ತಳ್ಳಿ. ಆಟ ಶುರುವಾದ್ಮೇಲೆ ಈ ಚಿಕ್ಕ ಕಿಂಡಿ ತೆಗೀತೀನಿ. ಎಲೆಗಳು ಕಾಣುತ್ತೆ, ಮುಖ ಕಾಣಲ್ಲ.”

“ಬಂದ್ಯೇನೇ?” ಎಂದು ದಂತವೈದ್ಯರು ಪರದೆಗೆ ಕೂಗಿದರು.

“ಶ್! ಆಚೆಗೆ ಮಾತಿಲ್ಲ.”

ಪರದೆಯಾಚೆಯಿಂದ ಉತ್ತರವಾಗಿ ಒಂದು ಕೆಮ್ಮು ಬಂತು. ಒಣ ಕೆಮ್ಮು. ಒಂದೇ ಸಲ.

ದಂತವೈದ್ಯರು ಕೂತರು.

ಮೊದಲ ಕೈ ಹಂಚಿದರು. ಹಲಗೆ ಪರದೆಯಡಿ ನುಸುಳಿ ಆಚೆ ಹೋಯಿತು. ಆಮೇಲೆ ಯಾರೂ ತಳ್ಳದ ಹಾಗೆ, ಸದ್ದಿಲ್ಲದೆ, ತಾನಾಗಿ ಜಾರಿ ಬಂತು. ಜೊತೆಗೆ ಪರದೆಯ ಸಂದಿಯಿಂದ ತಣ್ಣನೆಯ ಒಂದು ವಾಸನೆ. ನುಸಿಗುಳಿಗೆ! ದಂತವೈದ್ಯರು ಬಗ್ಗಿ ನೋಡಿದರು. ಹಲಗೆಯಿಂದ ಹಿಂದೆ ಸರಿಯುತ್ತಿದ್ದುದು ಒಂದು ಕಂದು ಕೋಟಿನ ತೋಳು. ಅಂಚು ಸವೆದ ತೋಳು. ಕಂದು ಗುಂಡಿಗಳ ನಡುವೆ ಒಂದು ಕಪ್ಪು ಗುಂಡಿ, ಮಾವನ ಕೋಟಿನಲ್ಲಿದ್ದ ಹಾಗೇ. ತೋಳಿನೊಳಗಿಂದ ಇಣುಕಿದ್ದು ಬೆರಳ ತುದಿಗಳಷ್ಟೆ. ಅವು ರಕ್ತದ ಸುಳಿವಿಲ್ಲದೆ, ಸುಣ್ಣದಂತೆ ಬಿಳುಚಿದ್ದವು.

“ಬಗ್ಗಿ ನೋಡಿದ್ರೆ ದಂಡ ಹಾಕ್ಬೇಕಾಗುತ್ತೆ ಡಾಕ್ಟ್ರೇ!”

“ಇಲ್ಲ ಸಾರ್... ಪೆನ್ನು ಬಿತ್ತು.” ಪೆನ್ನು ಜೇಬಿನಲ್ಲೇ ಇತ್ತು. ಬಿದ್ದದ್ದು ಎದೆ.

“ಏನ್ರೀ, ಈ ಚಳೀಲಿ ಬೆವರ್ತಿದ್ದೀರಲ್ಲ?” ಪಶುವೈದ್ಯರು ಪಿಸುಗುಟ್ಟಿದರು.

“ಆ ಕಡೆ ಕೂತಿರೋದು ಯಾರು?”

“ನಿಮ್ಮ ಮನೆಯವರು ಅಂದ್ರಲ್ಲ?”

“ನೀವು ಕಣ್ಣಾರೆ ನೋಡಿದ್ರಾ?”

ಪಶುವೈದ್ಯರು ಯೋಚಿಸಿದರು. “ನಾನು ಬರೋ ಹೊತ್ತಿಗೆ ಪರದೆ ಹಾಕಿಬಿಟ್ಟಿದ್ರು.”

ಆಮೇಲಿನದನ್ನು ಆ ಕ್ಲಬ್ಬಿನವರು ಈಗಲೂ ಬೆರಗಿನಿಂದ ನೆನೆಯುತ್ತಾರೆ. ಆಚೆಯಿಂದ ಮೂರು ಬಂದರೆ ದಂತವೈದ್ಯರು ಮೂರಕ್ಕೆ ನಿಂತರು. ಆಚೆಯಿಂದ ಪಾಸ್ ಬಂದರೆ, ಕೈತುಂಬ ರಾಜರಾಣಿಯರಿದ್ದರೂ ‘ಪಾಸ್’ ಎಂದು ಕೈಮುಗಿಯುವುದೊಂದು ಬಾಕಿ. ನಡುನಡುವೆ ಆಚೆಯಿಂದ ಆ ಕೆಮ್ಮು. ಪ್ರತಿ ಕೆಮ್ಮಿಗೂ ಅವರು ಬೆನ್ನು ನೆಟ್ಟಗೆ ಮಾಡಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಹಾಕಿಯೇ ಇತ್ತು. ಆದರೂ ಹಾಕಿಕೊಳ್ಳುತ್ತಿದ್ದರು! ಬಾಯಲ್ಲಿ ಹಲ್ಲು ಒಂದಕ್ಕೊಂದು ತಾಳ ಹಾಕುತ್ತಿದ್ದವು. ಹಲ್ಲಿನ ಡಾಕ್ಟರಾದರೇನು, ಸ್ವಂತ ಹಲ್ಲು ಮಾತು ಕೇಳಬೇಕಲ್ಲ.

ಹಾಗೆ ವಿಧೇಯರಾಗಿ ಆಡುತ್ತಾ ಆಡುತ್ತಾ ಅಂಕ ಸಮವಾಗಿ, ಕೊನೆಯ ಕೈ ಬಂತು.

ಪಶುವೈದ್ಯರು ಕಳಾವರ್ ಜಾತಿಯಿಂದ ಕರೆ ಆರಂಭಿಸಿದರು. ಅವರಕ್ಕ ಆಟೀನು ಎಂದಳು. ಅಕ್ಕ ತಮ್ಮ ಏಣಿ ಹತ್ತಿದ ಹಾಗೆ ಹತ್ತುತ್ತಾ ಹೋಗಿ, ಅಕ್ಕ ಆರು ಆಟೀನಿಗೆ ನಿಂತಳು. ಆರು ಅಂದರೆ ಆಟೀನನ್ನು ತುರುಫು ಮಾಡಿ ಹದಿಮೂರರಲ್ಲಿ ಹನ್ನೆರಡು ಸುತ್ತು ಗೆಲ್ಲುವ ಜಂಬ. ಎರಡು ಸುತ್ತು ಕಳೆದುಕೊಂಡರೆ ಬಿದ್ದಳು. ದಂತವೈದ್ಯರು ಪಾಸ್. ಪಶುವೈದ್ಯರು ಪಾಸ್. ಹಲಗೆ ಆಚೆ ಹೋಯಿತು.

ಬಹಳ ಹೊತ್ತು ಬರಲಿಲ್ಲ. ಗೋಡೆಯ ಮೇಲಿದ್ದ ಹಳೆಯ ಸದಸ್ಯರ ಫೋಟೋಗಳೆಲ್ಲ ಬಗ್ಗಿ ಈ ಮೇಜನ್ನೇ ನೋಡುತ್ತಿರುವಂತೆ ಕಂಡಿತು.

ಕೊನೆಗೆ ಹಲಗೆ ಬಂತು. ಅದರ ಮೇಲೆ ಕೆಂಪು ಚೀಟಿ. ಡಬಲ್.

‘ನೀವು ಸೋಲುತ್ತೀರಿ, ಪಣ ಇಮ್ಮಡಿಯಾಗಲಿ’ ಎಂಬ ಸವಾಲು ಅದು. ಆದರೆ ಎದುರಾಳಿ ಆರಕ್ಕೆ ಹೋದ ಮೇಲೆ ಡಬಲ್ ಅನ್ನುವುದರ ಹಿಂದೆ ಆ ಕ್ಲಬ್ಬಿನಲ್ಲಿ ಒಂದು ಚರಿತ್ರೆಯಿತ್ತು. ಅದನ್ನು ಅಲ್ಲಿ ಚಾಲ್ತಿಗೆ ತಂದವರು ಮಾವ. “ಅಂಥ ಡಬಲ್ ಸಿಟ್ಟಿಂದ ಬರೋದಲ್ಲ. ಅದು ಸಂಕೇತ,” ಎನ್ನುತ್ತಿದ್ದರು. “ಎದುರಾಳಿ ಮೊದಲು ಯಾವುದನ್ನ ಕರೆದನೋ ಆ ಜಾತಿ ಎಲೆ ನನ್ನ ಹತ್ರ ಒಂದೂ ಇಲ್ಲ ಅಂತ ಅರ್ಥ. ಅದನ್ನೇ ಎಸಿ, ನಾನು ತುರುಫು ಹೊಡೀತೀನಿ.”

ನಿಯಮದ ಪ್ರಕಾರ ಎದುರಾಳಿ ಕೇಳಿದರೆ ನಿಮ್ಮ ಜೋಡಿಯ ಕರೆಯ ಅರ್ಥವನ್ನು ನೀವು ಹೇಳಬೇಕು. ಪಶುವೈದ್ಯರು ಬಾಗಿ ಪಿಸುಗುಟ್ಟಿದರು. “ಡಾಕ್ಟ್ರೇ, ಈ ಡಬಲ್ ಅಂದ್ರೇನು?”

ದಂತವೈದ್ಯರು ತುಟಿ ಸವರಿಕೊಂಡರು. “ಅದು... ನಮ್ಮ ಮಾವ.”

“ಏನಂದ್ರಿ?”

“ಮಾವ. ಬಂದಿದ್ದಾರೆ. ಆ ಕಡೆ ಕೂತಿದ್ದಾರೆ.”

ಪಶುವೈದ್ಯರೆಂದರೆ ಹಸುವಿನ ಹೊಟ್ಟೆಯೊಳಕ್ಕೆ ಭುಜದವರೆಗೂ ಕೈಹಾಕಿ ಕರು ಎಳೆಯುವ ಗಂಡುಗಲಿ. ಅವರು ನಗಲು ನೋಡಿದರು. ಅಷ್ಟರಲ್ಲಿ ಪರದೆಯಾಚೆಯಿಂದ ಆ ಕೆಮ್ಮು. ನಗು ತುಟಿಯ ಮೇಲೇ ಹೆಪ್ಪುಗಟ್ಟಿತು.

ದಂತವೈದ್ಯರ ಕೈಯಲ್ಲಿ ಇಸ್ಪೀಟು ಜಾತಿಯ ಎಲೆಗಳ ದಂಡೇ ಇತ್ತು. ಹಳೆಯ ಚಾಳಿ! ಬೆರಳು ತಾನಾಗಿ ‘ಆರು ಇಸ್ಪೀಟು’ ಚೀಟಿಯತ್ತ ಹರಿಯಿತು. ಚೀಟಿ ಮುಟ್ಟಿಯೂ ಆಯಿತು. ಆಗ ಅವರ ಕುತ್ತಿಗೆಯ ಹಿಂದೆ ಯಾರೋ ತಣ್ಣಗೆ ಉಸಿರು ಬಿಟ್ಟರು. ಹಿಂದೆ ಇದ್ದದ್ದು ಗೋಡೆ.

“ಪಾ... ಪಾಸ್!”

ಪಶುವೈದ್ಯರೂ ಅವರಿಗಿಂತ ಬೇಗ ಪಾಸ್ ಎಸೆದರು. ಈಗ ಮೊದಲ ಎಲೆ ಹಾಕಬೇಕಾದವರು ದಂತವೈದ್ಯರು. ಇಸ್ಪೀಟು ರಾಜ ‘ನನ್ನನ್ನು ಎಸೆ’ ಎಂದು ಹಲ್ಲು ಕಿರಿಯುತ್ತಿದ್ದ. ಅವನನ್ನು ಬಿಟ್ಟು ಒಂದು ಬಡಪಾಯಿ ಕಳಾವರನ್ನು ಮೇಜಿನ ಮೇಲಿಟ್ಟರು.

ಕಿಂಡಿ ತೆರೆಯಿತು. ಕಂದು ತೋಳು ಮುಂದೆ ಬಂತು. ಬಿಳುಚಿದ ಬೆರಳುಗಳು ಆಟೀನಿನ ಎರಡನ್ನು ಮೆಲ್ಲಗೆ ಇಳಿಸಿದವು. ತುರುಫು! ಬೆನ್ನಿಗೇ ಡೈಮನ್ ಎಕ್ಕ. ಎರಡು ಸುತ್ತು! ಆರು ಆಟೀನು ನೆಲ ಕಚ್ಚಿತು. ಫೈನಲ್ ಗೆದ್ದಾಗಿತ್ತು.

ತೀರ್ಪುಗಾರರು ಪರದೆ ಎತ್ತಿದರು. ದಂತವೈದ್ಯರು ಕಣ್ಣು ಮುಚ್ಚಿಕೊಂಡು, “ಕ್ಷಮಿಸಿ ಮಾವ,” ಎಂದು ಹೇಳುವವರಿದ್ದರು.

“ನಂಬಿದ್ರಲ್ಲಾ ರೀ!”

ಕಣ್ಣು ಬಿಟ್ಟರು. ಹೆಂಡತಿ! ಮೂಗು ಕೆಂಪಾಗಿತ್ತು. ಅಪ್ಪನ ಕೋಟಿನೊಳಗೆ ಮುಳುಗಿಹೋಗಿದ್ದಳು. “ಶಾಲೆಗೆ ಹೋದಾಗಿಂದ ಒಂದೇ ಸಮ ಕೆಮ್ಮು. ಚಳಿ ತಡೀಲಾರದೆ ಬೀರುವಿಂದ ಅಪ್ಪನ ಕೋಟು ತಗೊಂಡು ಹೋಗಿದ್ದೆ. ಕೈ ತೊಳ್ಕೊಳ್ಳೋಕೂ ಬಿಡುವಿರಲಿಲ್ಲ, ನೋಡಿ, ಇನ್ನೂ ಸೀಮೆಸುಣ್ಣ.” ಅವಳ ಕಣ್ಣು ತುಂಬಿತ್ತು. “ಇಷ್ಟು ವರ್ಷದಲ್ಲಿ ಮೊದಲ ಸಲ... ಒಂದೇ ಒಂದು ಸಲಾನೂ ನನ್ನ ಮಾತು ಮೀರಲಿಲ್ಲ ನೀವು.”

ದಂತವೈದ್ಯರು ಗಂಟಲು ಸರಿಮಾಡಿಕೊಂಡರು. “ಗಂಡ ಅಂದ್ಮೇಲೆ ಅಷ್ಟೂ ನಂಬಿಕೆ ಇಲ್ದಿದ್ರೆ ಹೇಗೆ ಕಣೇ,” ಎಂದರು, ಎದೆಯುಬ್ಬಿಸಿ.

ಆ ಎದೆ ಉಬ್ಬಿದ್ದು ಒಂದೇ ಕ್ಷಣ.

“ತೀರ್ಪುಗಾರರೇ!” ಪಶುವೈದ್ಯರ ಅಕ್ಕ ಎದ್ದು ನಿಂತಿದ್ದಳು. “ಡಬಲ್‌ಗೆ ಸರಿಯಾದ ಅರ್ಥ ಗೊತ್ತಾಗಿದ್ರೆ ನನ್ನ ತಮ್ಮ ಆರು ನೋಟ್ರಂಪ್‌ಗೆ ಓಡಿಹೋಗ್ತಿದ್ದ. ಅಲ್ಲಿ ತುರುಫೇ ಇಲ್ಲ, ನಾವು ಗೆಲ್ತಿದ್ವಿ. ಏನು ಹೇಳಿದ್ರಂತೆ ಇವನಿಗೆ, ಕೇಳಿ!”

“ಏನು ಹೇಳಿದ್ರಿ ಡಾಕ್ಟ್ರೇ?”

ದಂತವೈದ್ಯರು ಹಲ್ಲು ಕಚ್ಚಿ ಕೂತರು. ಪಶುವೈದ್ಯರೇ ಹೇಳಿದರು, ಪ್ರಾಮಾಣಿಕವಾಗಿ. “‘ಅದು ನಮ್ಮ ಮಾವ. ಬಂದಿದ್ದಾರೆ. ಆ ಕಡೆ ಕೂತಿದ್ದಾರೆ’ ಅಂದ್ರು ಸಾರ್.”

ಹೆಂಡತಿಯ ಮುಖದಿಂದ ಒಂದೊಂದೇ ದೀಪ ಆರಿದ ಹಾಗೆ ನಗು ಆರುತ್ತಾ ಬಂತು.

ತೀರ್ಪುಗಾರರು ಅವಳತ್ತ ತಿರುಗಿದರು. “ನೀವು ಹೇಳಿಮ್ಮ. ಈ ಡಬಲ್ ನಿಮ್ಮ ತಂದೆಯವರದ್ದೇನು?”

ಅವಳು ಸುಳ್ಳು ಹೇಳುವವಳಲ್ಲ. “ಹೌದು. ಅಪ್ಪನದೇ.”

“ಹಾಗಿದ್ರೆ ವಿವರಣೆ ಸರಿಯಾಗೇ ಇದೆ! ಈ ಡಬಲ್ ಜಡ್ಜ್ ಸಾಹೇಬರದು ಅಂತ ಕ್ಲಬ್ಬಿಗೆಲ್ಲ ಗೊತ್ತು. ಅನುಮಾನ ಬಂದಿದ್ರೆ ಪಶುವೈದ್ಯರು ಇನ್ನೊಂದು ಸಲ ಕೇಳ್ಬೇಕಿತ್ತು. ಫಲಿತಾಂಶದಲ್ಲಿ ಬದಲಾವಣೆ ಇಲ್ಲ.”

ಬಹುಮಾನದ ಕಪ್ಪು ಸಿಕ್ಕಿತು. ಚಪ್ಪಾಳೆಯೂ ಆಯಿತು. ಮನೆಗೆ ಹೋಗುವ ದಾರಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಕ್ಕದಲ್ಲಿ ನಡೆಯುತ್ತಿದ್ದ ಹೆಂಡತಿ ಕಾಣುತ್ತಿರಲಿಲ್ಲ. ಕೋಟು ಮಾತ್ರ ನಡೆದು ಬರುತ್ತಿತ್ತು.

“ಏನೇ ಅನ್ನು, ಮೀರಲಿಲ್ಲ ತಾನೆ? ಮಾತು ಉಳಿಸ್ಕೊಂಡೆ ತಾನೆ?” ಎಂದರು ದಂತವೈದ್ಯರು, ಕೋಟಿಗೆ.

“ಉಳಿಸ್ಕೊಂಡ್ರಿ.”

“ಮತ್ತೆ?”

“ನಂಬಿದ್ದು ಯಾರನ್ನ?”

ಕಪ್ಪು ಕೈಯಲ್ಲಿ ಭಾರವಾಯಿತು. ಮನೆಯ ಗೇಟು ತೆರೆಯುತ್ತಾ ಕೋಟು ತೀರ್ಪು ಓದಿತು. “ಮುಂದಿನ ವಾರದಿಂದ ನಾನು ಪಶುವೈದ್ಯರ ಜೊತೆ ಆಡ್ತೀನಿ.”

“ಅಯ್ಯೋ! ಹಾಗಾದ್ರೆ ನಾನು?”

“ನೀವು ಅಪ್ಪನ ಜೊತೆ ಆಡಿ.”

ಮುಂದಿನ ವಾರ ಕ್ಲಬ್ಬಿನಲ್ಲಿ ಎಲ್ಲ ಮೇಜುಗಳೂ ತುಂಬಿದ್ದವು. ಕಿಟಕಿಯ ಬಳಿಯ ಮೇಜಿನಲ್ಲಿ ಹೆಂಡತಿ, ಅವಳೆದುರು ಪಶುವೈದ್ಯರು, ಇಬ್ಬರೂ ನಗುತ್ತಿದ್ದರು. ಮೂಲೆಯ ಮೇಜಿನಲ್ಲಿ ದಂತವೈದ್ಯರು, ಅವರೆದುರು ಖಾಲಿ ಕುರ್ಚಿ. ಅವರು ಕುರ್ಚಿಯ ಅಂಚಿನಲ್ಲಿ ಕೂತು, ಎದುರಿನ ಕುರ್ಚಿಯಿಂದ ಕಣ್ಣು ಕೀಳದೆ ನೋಡುತ್ತಿದ್ದರು.

ತೀರ್ಪುಗಾರರು ಕನಿಕರದಿಂದ ಹತ್ತಿರ ಬಂದರು. “ಏನು ಡಾಕ್ಟ್ರೇ, ನಿಮ್ಮ ಜೋಡಿ ಇನ್ನೂ ಬರ್ಲಿಲ್ವಾ?”

“ಇಲ್ಲ ಸಾರ್,” ಎಂದರು ದಂತವೈದ್ಯರು ಪಿಸುಮಾತಿನಲ್ಲಿ. “ಎಲ್ಲಿ ಬಂದುಬಿಡ್ತಾರೋ ಅಂತ ಕಾಯ್ತಾ ಇದ್ದೀನಿ.”