ಮೂರನೇ ಭಾಗದ ಕಟ್ಟು

ಸಭಾಭವನದ ನಿಯಮಾವಳಿಯಲ್ಲಿ ಹದಿನಾಲ್ಕನೆಯದು ಹೀಗಿದೆ: "ಯಾವುದೇ ಕೃತಿಯನ್ನು ಪೂರ್ತಿಯಾಗಿ ಕೇಳದ ಯಾರೊಬ್ಬರೂ ಆ ಕೃತಿಯ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ." ಇದನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ ಮುಖ್ಯದ್ವಾರದ ಪಕ್ಕ ಹಾಕಿದ್ದಾರೆ. ಪ್ರತಿ ಸೋಮವಾರ ಅದನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಾರೆ. ಆ ಹೊಳಪಿನಿಂದಾಗಿ ಓದುವುದು ಮಾತ್ರ ಸ್ವಲ್ಪ ಕಷ್ಟ.

ಸಭಾಭವನದ ಸ್ವರಭಂಡಾರ ಇರುವುದು ನೆಲಮಾಳಿಗೆಯಲ್ಲಿ, ವೇದಿಕೆಯ ನೇರ ಕೆಳಗೆ. ಅಲ್ಲಿನ ಗುಮಾಸ್ತನಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿದೆ. ಜನರ ಬಾಯಲ್ಲಿ ಆತ ಗಂಟಣ್ಣ. ವಾದ್ಯಗಾರರು ನೋಡಿ ನುಡಿಸುವ ಹಾಳೆಗಳನ್ನು ಕೃತಿಯ ಭಾಗಕ್ಕೊಂದು ಕಟ್ಟು ಮಾಡಿ, ಕಟ್ಟಿಗೆ ಮೂರು ಗಂಟು ಬಿಗಿದು ಕಪಾಟಿನಲ್ಲಿಡುವುದು, ಬೇಡಿಕೆ ಚೀಟಿ ಬಂದಾಗ ಕೊಡುವುದು, ನುಡಿಸಿ ವಾಪಸ್ಸು ಬಂದ ಮೇಲೆ "ನುಡಿಸಲಾಗಿದೆ" ಎಂಬ ಮೊಹರು ಒತ್ತಿ ಸಹಿ ಮಾಡುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ಆತ ತಾತ್ಕಾಲಿಕ ನೌಕರ. ಅವನನ್ನು ಖಾಯಂ ಮಾಡುವ ಕಡತ ನಿರ್ದೇಶಕರ ಮೇಜಿನ ಎಡತುದಿಯಿಂದ ನಡುವಿನವರೆಗೆ ಬರಲು ನಾಲ್ಕು ವರ್ಷ ಹಿಡಿದಿತ್ತು.

ಹಲವು ದೇಶಗಳಲ್ಲಿ ಹೆಸರು ಮಾಡಿದ ಸಂಯೋಜಕರೊಬ್ಬರ ಹೊಸ ಕೃತಿಯ ಮೊದಲ ಪ್ರದರ್ಶನ ಈ ಸಭಾಭವನದ ಪಾಲಿಗೆ ಬಂತು. ಕೃತಿಗೆ ನಾಲ್ಕು ಭಾಗ, ನಡುವೆ ಬಿಡುವಿಲ್ಲ. ಬೇಡಿಕೆ ಚೀಟಿಗೆ ಮೂರೇ ಸಾಲು, ಸಾಲಿಗೊಂದು ಭಾಗ. ನಾಲ್ಕನೇ ಸಾಲು ಬೇಕಾದರೆ ಎರಡನೇ ಚೀಟಿ ಬೇಕು; ಎರಡನೇ ಚೀಟಿಗೆ ಉಪನಿರ್ದೇಶಕರ ಒಪ್ಪಿಗೆ ಬೇಕು; ಉಪನಿರ್ದೇಶಕರು ರಜೆಯಲ್ಲಿದ್ದರು. ಮೊದಲನೆಯದಿಲ್ಲದೆ ಶುರುವಾಗದು, ಕೊನೆಯದಿಲ್ಲದೆ ಮುಗಿಯದು ಎಂದು ಯೋಚಿಸಿದ ಸೂಪರಿಂಟೆಂಡೆಂಟರು ಒಂದು, ಎರಡು, ನಾಲ್ಕು ಎಂದು ಬರೆದು ಕಳಿಸಿದರು. ಗಂಟಣ್ಣ ಎರಡು ಸಲ ಲಿಖಿತವಾಗಿ ನೆನಪಿಸಿದ. ಎರಡು ಸಲವೂ "ಗಮನಿಸಲಾಗಿದೆ" ಎಂಬ ಉತ್ತರ ಬಂತು. ತಾಲೀಮಿನಲ್ಲಾದರೂ ಬಯಲಾಗಬೇಕಿತ್ತು. ಆದರೆ ತಾಲೀಮು ಮೊದಲ ಹತ್ತು ನಿಮಿಷ ನಡೆದು, ಉಳಿದ ಹೊತ್ತು ಮುಂದಿನ ಸಾಲಿನಲ್ಲಿ ಯಾರು ಕೂರಬೇಕೆಂಬ ಚರ್ಚೆಯಲ್ಲಿ ಕಳೆಯಿತು.

ಪ್ರದರ್ಶನದ ಸಂಜೆ ಗಂಟಣ್ಣ ನೆಲಮಾಳಿಗೆಯಲ್ಲೇ ಕೂತು ತಲೆಯ ಮೇಲಿನ ಹಲಗೆಗಳ ಮೂಲಕ ಕಿವಿಗೊಟ್ಟ. ಎರಡನೇ ಭಾಗ ಮುಗಿಯಿತು. ಮೇಲೆ ವಾದ್ಯವೃಂದದ ನಾಯಕರು ತಮ್ಮ ಪುಸ್ತಕದ ನಲವತ್ತು ಪುಟಗಳನ್ನು ಒಂದೇ ಏಟಿಗೆ ಮಗುಚಿ ಕೋಲು ಎತ್ತಿದರು; ನಾಲ್ಕನೇ ಭಾಗ ಶುರುವಾಯಿತು. ಮೂರನೆಯದರ ಕಟ್ಟು ಗಂಟಣ್ಣನ ತೊಡೆಯ ಮೇಲಿತ್ತು. ಚಪ್ಪಾಳೆ ಬಹಳ ಹೊತ್ತಿನವರೆಗೂ ಮುಂದುವರಿಯಿತು. ಕಾರ್ಯಕ್ರಮ ಹನ್ನೊಂದು ನಿಮಿಷ ಬೇಗ ಮುಗಿದದ್ದನ್ನು ಒಂದು ಪತ್ರಿಕೆ ಸಮಯಪ್ರಜ್ಞೆ ಎಂದು ಕೊಂಡಾಡಿತು.

ಮರುದಿನ ಊರು ಎರಡಾಯಿತು. ಒಂದು, ಎರಡು, ನಾಲ್ಕು, ಈ ಮೂರರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಜಗಳವೆಲ್ಲ ಮೂರನೆಯದರ ಮೇಲೆ, ಏಕೆಂದರೆ ಬಾಗಿಲಲ್ಲಿ ಹಂಚಿದ ಕೈಪಿಡಿಯಲ್ಲಿ "ಮೂರನೇ ಭಾಗ ಅತ್ಯಂತ ದಿಟ್ಟವಾದದ್ದು" ಎಂದು ಅಚ್ಚಾಗಿತ್ತು. ಮೆಚ್ಚಿದವರು ಆಹಾ ಗುಂಪು, ಮೆಚ್ಚದವರು ಅಯ್ಯೋ ಗುಂಪು. ಕ್ಯಾಂಟೀನಿನಲ್ಲಿ ಮೇಜುಗಳು ಬೇರೆಬೇರೆಯಾದವು.

"ಆ ಮೂರನೇ ಭಾಗದಲ್ಲಿ ಕೊಳಲು ಬರುತ್ತಲ್ಲ, ನಂಗೆ ಕಣ್ಣಲ್ಲಿ ನೀರೇ ಬಂತು ಕಣ್ರೀ," ಎಂದಳು ಟಿಕೆಟ್ ಕಿಟಕಿಯವಳು.

"ಕೊಳಲೆಲ್ಲಿ ಕೇಳಿಸ್ತಮ್ಮಾ? ನಗಾರಿ ಬಡಿದ ಬಡಿತಕ್ಕೆ ನನ್ನ ಕಿವೀಲಿ ಇನ್ನೂ ಗುಂಯ್ ಅಂತಿದೆ," ಎಂದ ಎಲೆಕ್ಟ್ರಿಷಿಯನ್.

"ನಿಮಗೆ ಫ್ಯೂಸ್ ಹೋಗೋ ಸದ್ದು ಬಿಟ್ರೆ ಬೇರೆ ಸಂಗೀತ ಗೊತ್ತಿದ್ರೆ ತಾನೆ?"

"ಫ್ಯೂಸ್ ಹೋದ್ರೆ ಆಮೇಲಾದ್ರೂ ಸುಮ್ಮನಿರುತ್ತೆ!"

ಗಂಟಣ್ಣ ಲೋಟ ಕೆಳಗಿಟ್ಟ. "ಮೂರನೇ ಭಾಗದಲ್ಲಿ ಕೊಳಲೂ ಇಲ್ಲ, ನಗಾರೀನೂ ಇಲ್ಲ. ಬರೀ ಪಿಟೀಲು. ಹಾಳೆಗಳೆಲ್ಲ ನನ್ನ ಕಪಾಟಲ್ಲಿವೆ. ಅದನ್ನ ಯಾರೂ ನುಡಿಸಲೇ ಇಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ವಾರದಲ್ಲಿ ಮೊದಲ ಸಲ ಅವರಿಗೆ ಒಮ್ಮತ ಮೂಡಿತು.

"ನೆಲಮಾಳಿಗೇಲಿ ಕೂತೋರಿಗೆ ಏನ್ ಕೇಳ್ಸುತ್ತೆ ಗಂಟಣ್ಣಾ, ಪಾಪ!"

ಬುಧವಾರ ಸುತ್ತೋಲೆ ಹೊರಟಿತು: "ಮೂರನೇ ಭಾಗದ ಬಗ್ಗೆ ಸಿಬ್ಬಂದಿಯೆಲ್ಲರೂ ಪರ ಅಥವಾ ವಿರೋಧ ಅಭಿಪ್ರಾಯವನ್ನು ಶುಕ್ರವಾರದೊಳಗೆ ಸಲ್ಲಿಸತಕ್ಕದ್ದು. ಅಭಿಪ್ರಾಯ ಇಲ್ಲದವರು, ಇಲ್ಲದಿರುವುದಕ್ಕೆ ಕಾರಣವನ್ನು ಮೂರು ಪ್ರತಿಗಳಲ್ಲಿ ತಿಳಿಸಿ, ಮುಂದೆ ಅಭಿಪ್ರಾಯ ಹೊಂದುವುದಾಗಿ ಮುಚ್ಚಳಿಕೆ ಬರೆದುಕೊಡತಕ್ಕದ್ದು." ಗಂಟಣ್ಣ "ಕೇಳಿಲ್ಲ" ಎಂದು ಮೂರು ಪ್ರತಿಗಳಲ್ಲಿ ಬರೆದ. ಮುಚ್ಚಳಿಕೆ ಬರೆಯಲಿಲ್ಲ.

ಶುಕ್ರವಾರ ಸಂಯೋಜಕರೇ ನೆಲಮಾಳಿಗೆಗೆ ಇಳಿದು ಬಂದರು. ತೆಳ್ಳಗಿನ ಮುದುಕರು. ಕಟ್ಟನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಗಂಟು ಬಿಚ್ಚೇ ಇಲ್ಲವಲ್ಲಪ್ಪಾ."

"ಚೀಟಿ ಬರಲಿಲ್ಲ ಸಾರ್."

"ಉಳಿದ ಮೂರನ್ನ ಆರು ವಾರದಲ್ಲಿ ಗೀಚಿದ್ದೆ. ಇದೊಂದಕ್ಕೆ ಆರು ವರ್ಷ ಹಿಡೀತು."

"ಹಾಗಾದ್ರೆ ಮೇಲೆ ಹೋಗಿ ಹೇಳಿ ಸಾರ್! ನೀವು ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ಸಂಯೋಜಕರು ಕಟ್ಟನ್ನು ಮೆಲ್ಲಗೆ ಕೆಳಗಿಟ್ಟರು. "ನಲವತ್ತು ವರ್ಷ ನುಡಿಸಿದ್ದರ ಬಗ್ಗೆ ಯಾರೂ ಇಷ್ಟು ಮಾತಾಡಿರಲಿಲ್ಲ. ಈಗ ಇದಕ್ಕೆ ವರ್ಷದ ಪ್ರಶಸ್ತಿ ಅಂತಿದಾರೆ. ನುಡಿಸಿಬಿಟ್ರೆ ಕೇಳಬೇಕಾಗುತ್ತೆ, ಕೇಳಿದ್ರೆ…" ಮಾತು ಮುಗಿಸದೆ ಮೆಟ್ಟಿಲು ಹತ್ತಿದರು. ಸಂಜೆಯ ಪತ್ರಿಕಾಗೋಷ್ಠಿಯಲ್ಲಿ, ಮೂರನೇ ಭಾಗವನ್ನು ಇಷ್ಟು ಸೂಕ್ಷ್ಮವಾಗಿ ನುಡಿಸಿದ್ದನ್ನು ತಾವು ಎಲ್ಲೂ ಕೇಳಿರಲಿಲ್ಲ ಎಂದರು.

ಪ್ರಶಸ್ತಿ ಸಮಿತಿಯಲ್ಲಿ ಆಹಾ ಗುಂಪಿನವರು ಮೂವರು, ಅಯ್ಯೋ ಗುಂಪಿನವರು ಮೂವರು. ಇಷ್ಟು ತೀವ್ರವಾದ ಭಿನ್ನಮತಕ್ಕೆ ಕಾರಣವಾದ ಸಂಗೀತ ಸಾಮಾನ್ಯದ್ದಾಗಿರಲಾರದು ಎಂದು ಆರೂ ಜನ ಒಪ್ಪಿದರು. ಪ್ರಶಸ್ತಿಯ ಕಡತಕ್ಕೆ ಇನ್ನು ಬೇಕಾಗಿದ್ದದ್ದು ಒಂದೇ: ಕಟ್ಟಿನ ಮೇಲೆ "ನುಡಿಸಲಾಗಿದೆ" ಎಂಬ ಮೊಹರು, ಅದರ ಕೆಳಗೆ ಗುಮಾಸ್ತನ ಸಹಿ. ಗಂಟಣ್ಣ ಒತ್ತಲು ಒಪ್ಪಲಿಲ್ಲ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು. "ರೀ, ಎಲ್ಲಾ ಬಿಡಿ. ಆವತ್ತು ನೀವೇ ಕಟ್ಟು ತಗೊಂಡು ಹೋಗಿ ಮೇಲೆ ಕೊಟ್ಟುಬಿಟ್ಟಿದ್ರೆ ಇಷ್ಟೆಲ್ಲಾ ಆಗ್ತಿತ್ತಾ?"

"ಚೀಟಿ ಇಲ್ದೆ?"

"ನಿಮ್ಮ ಚೀಟಿಗಿಷ್ಟು! ಈಗ ಒಂದು ಮೊಹರು ಒತ್ತೋಕೆ ಕೈ ಸವೆಯುತ್ತಾ? ಹನ್ನೊಂದು ವರ್ಷದಿಂದ ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಮನೆ ಮಾಲೀಕರ ಮುಂದೆ ಹಲ್ಲು ಗಿಂಜ್ತಿರೋಳು ನಾನು."

ಅವಳು ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ.

ಸೋಮವಾರ, ಮೇಲೆ ಫಲಕ ಉಜ್ಜುತ್ತಿದ್ದ ಹೊತ್ತಿಗೆ, ನಿರ್ದೇಶಕರು ಸ್ವತಃ ನೆಲಮಾಳಿಗೆಗೆ ದಯಮಾಡಿಸಿದರು. ಹಿಂದೆ ಸೂಪರಿಂಟೆಂಡೆಂಟರು, ವಾದ್ಯವೃಂದದ ನಾಯಕರು. ಮೆಟ್ಟಿಲ ಮೇಲೆ ಎರಡೂ ಗುಂಪಿನವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

"ನೋಡಿ, ಕಾರ್ಯಕಾರಿ ಸಮಿತಿ ನಿರ್ಣಯ ಮಾಡಿದೆ," ಎಂದು ನಿರ್ದೇಶಕರು ಓದಿದರು. "'ಯಾವ ಸಂಗೀತದ ಬಗ್ಗೆ ಸಾರ್ವಜನಿಕರಲ್ಲಿ ಖಚಿತ ಅಭಿಪ್ರಾಯ ಮೂಡಿದೆಯೋ, ಆ ಸಂಗೀತವನ್ನು ನುಡಿಸಲಾಗಿದೆ ಎಂದೇ ಭಾವಿಸತಕ್ಕದ್ದು.' ಅಲ್ಲಿಗೆ ನಿಮ್ಮ ತೊಡಕೂ ತೀರಿತು. ಇಗೋ, ನಿಮ್ಮ ಖಾಯಂ ಆದೇಶ. ನನ್ನ ಸಹಿ ಆಗಿದೆ. ಹ್ಞೂಂ, ಮೊಹರು ತೆಗೀರಿ."

"ಒತ್ತಿಬಿಡು ಗಂಟಣ್ಣಾ, ಎಲ್ಲರಿಗೂ ಒಳ್ಳೇದಾಗ್ಲಿ," ಎಂದಳು ಟಿಕೆಟ್ ಕಿಟಕಿಯವಳು.

"ಹೌದಪ್ಪಾ, ಅವರು ಹೇಳೋದು ಸರಿ," ಎಂದ ಎಲೆಕ್ಟ್ರಿಷಿಯನ್.

ಗಂಟಣ್ಣ ಆದೇಶವನ್ನು ಎರಡು ಸಲ ಓದಿದ. ಅದರಲ್ಲಿ ಅವನ ನಿಜವಾದ ಹೆಸರಿತ್ತು. ಮಡಿಕೆ ಕೆಡದಂತೆ ಮಡಿಸಿ ನಿರ್ದೇಶಕರ ಕೈಗೆ ವಾಪಸ್ಸು ಕೊಟ್ಟ. ಮೊಹರನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ. ಆಮೇಲೆ ಕಟ್ಟಿನ ದಾರ ಸಡಿಲಾಗಿದೆಯೇನೋ ಎಂದು ಎಳೆದು ನೋಡಿ, ಮೇಲೆ ಕೂತಿದ್ದ ಧೂಳು ಒರೆಸಿ, ಕುರ್ಚಿ ಹತ್ತಿ, "ನುಡಿಸಬೇಕಾದವು" ಎಂದು ಚೀಟಿ ಅಂಟಿಸಿದ್ದ ಕಪಾಟಿನ ಅರೆಯಲ್ಲಿ ಅದನ್ನು ಇಟ್ಟ.